ಬಾಯ್ಕಾಟ್, ರೋಬೋಟ್: ಎರಡು ಪದಗಳ ಹುಟ್ಟು



ನಮ್ಮ ವಾಚನಾಲಯದಲ್ಲಿ ಇಂಗ್ಲಿಷ್ ಪತ್ರಿಕೆ ತೆರೆದು, ಎರಡು ಸಾಲು ಓದಿ, ಮೆಲ್ಲಗೆ ಮಡಿಸಿಡುವವರನ್ನು ನಾವು ಕಂಡಿದ್ದೇವೆ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿ ಸೇರಿದ ಹೊಸದರಲ್ಲಿ ನಮ್ಮ ಗತಿಯೂ ಅದೇ ಆಗಿತ್ತು. ಅಪರೂಪದ ಪದಗಳೆಲ್ಲ ಪಂಡಿತರ ಸೊತ್ತೆಂದು ಹೆದರುತ್ತಿದ್ದೆವು. ಆದರೆ ಪಂಡಿತರ ಪದ ಬೇಡವೆಂದೇ ಕಟ್ಟಿದ ಪದವೂ ಆ ಭಾಷೆಯಲ್ಲಿದೆ. ಅದು 'ಬಾಯ್ಕಾಟ್'. ನಾವು ಬಹಿಷ್ಕಾರ ಎನ್ನುತ್ತೇವೆ.

ಇದು ಮೂಲತಃ ಒಬ್ಬ ಮನುಷ್ಯನ ಅಡ್ಡಹೆಸರು. ಚಾರ್ಲ್ಸ್ ಬಾಯ್ಕಾಟ್ ಎಂಬವನು ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟನಾಗಿದ್ದ. 1879ರಲ್ಲಿ ಬೆಳೆ ಕೆಟ್ಟಿತು. ಮರುವರ್ಷ ಗೇಣಿ ಇಳಿಸಿರೆಂದು ರೈತರು ಕೇಳಿದರೆ, ಕೊಡಲಾರದವರಿಗೆ ಒಕ್ಕಲೆಬ್ಬಿಸುವ ನೋಟೀಸು ಬಂತು. ಆಗ ಊರಿಗೆ ಊರೇ ಅವನನ್ನು ದೂರವಿಟ್ಟಿತು. ಆಳುಗಳು ಕೆಲಸ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಹೊಲದಲ್ಲಿ ಬೆಳೆ ನಿಂತೇ ಇತ್ತು. ಕೊನೆಗೆ ಅಲ್‌ಸ್ಟರ್ ಕಡೆಯಿಂದ 50 ಜನರನ್ನು ಕರೆಸಿ, ಸುತ್ತ ಸೈನಿಕರನ್ನು ಕಾವಲಿಟ್ಟು ಕೊಯ್ಲು ಮಾಡಿಸಬೇಕಾಯಿತು. ಸುಮಾರು 500 ಪೌಂಡಿನ ಬೆಳೆಗೆ 10,000 ಪೌಂಡು ಖರ್ಚಾಯಿತೆಂದು ಅಂದಾಜು. ಲೆಕ್ಕ ಬರೆಯುವ ನಮ್ಮಂಥವರಿಗೆ ಇದಕ್ಕಿಂತ ಸ್ವಾರಸ್ಯದ ಲೆಕ್ಕ ಬೇರೆ ಸಿಗದು! 1880ರ ಡಿಸೆಂಬರ್ 1ರಂದು ಬಾಯ್ಕಾಟ್ ಐರ್ಲೆಂಡನ್ನೇ ಬಿಟ್ಟು ಹೋದ.

ಆದರೆ ಈ ಕ್ರಮವನ್ನು ಏನೆಂದು ಕರೆಯುವುದು? ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತ ಅಲ್ಲಿಗೆ ಬಂದಿದ್ದ. ಅವನಿಗೆ ತೋಚಿದ್ದು 'ಆಸ್ಟ್ರಸಿಸಮ್' ಎಂಬ ಗ್ರೀಕ್ ಮೂಲದ ಪದ. ಆದರೆ ಸರಿಯೆನಿಸಲಿಲ್ಲ. ಆ ಊರಿನ ಪಾದ್ರಿ ಜಾನ್ ಓಮ್ಯಾಲಿಯವರೊಡನೆ ಊಟಕ್ಕೆ ಕುಳಿತಾಗ ಈ ಮಾತು ತೆಗೆದ. ಅದು ರೈತರಿಗೆ ತಿಳಿಯದು ಎಂದ; ಪಾದ್ರಿಯೂ ಒಪ್ಪಿದರು. ಪಾದ್ರಿ ಸ್ವಲ್ಪ ಯೋಚಿಸಿ, ಅವನಿಗೆ 'ಬಾಯ್ಕಾಟ್' ಮಾಡುವುದು ಎಂದರೆ ಹೇಗೆ ಎಂದು ಕೇಳಿದರು. ಹೀಗೆ ರೈತರ ಸಲುವಾಗಿ ಹುಟ್ಟಿದ ಪದ ಇಂದು ದೊಡ್ಡ ನಿಘಂಟುಗಳಲ್ಲೆಲ್ಲ ಇದೆ.

ಇನ್ನು 'ರೋಬೋಟ್'. ಇದರ ತವರು ಇಂಗ್ಲೆಂಡ್ ಅಲ್ಲ, ಜೆಕ್ ನಾಡು. ಕಾರೆಲ್ ಚಾಪೆಕ್ 1920ರಲ್ಲಿ ಒಂದು ನಾಟಕ ಪ್ರಕಟಿಸಿದ. ದುಡಿಮೆಗೆಂದೇ ಕಾರ್ಖಾನೆಯಲ್ಲಿ ತಯಾರಿಸಿದ ಮನುಷ್ಯರ ಕಥೆ ಅದು. ಅವರಿಗೆ ಲ್ಯಾಟಿನ್ನಿನಿಂದ ಹೆಸರು ಕಟ್ಟಹೋದ, ಅದು ತೀರ ಪುಸ್ತಕದ ಮಾತೆನಿಸಿತು. ಅಣ್ಣ ಯೋಸೆಫ್ ಚಿತ್ರ ಬರೆಯುತ್ತಿದ್ದವನು, ಬಾಯಲ್ಲಿ ಕುಂಚ ಕಚ್ಚಿಕೊಂಡೇ, ಹಾಗಾದರೆ ರೋಬೋಟ್ ಎನ್ನು ಎಂದನಂತೆ. ಜೆಕ್ ಭಾಷೆಯಲ್ಲಿ 'ರೊಬೊಟ' ಎಂದರೆ ಒಡೆಯನ ಹೊಲದಲ್ಲಿ ಒಕ್ಕಲು ಕೂಲಿಯಿಲ್ಲದೆ ಮಾಡಲೇಬೇಕಾದ ಕೆಲಸ. ನಮ್ಮ ಹಿರಿಯರು 'ಬಿಟ್ಟಿ ಚಾಕರಿ' ಎನ್ನುತ್ತಿದ್ದರಲ್ಲ, ಅದೇ. ಇಂದು ಈ ಪದ ಕೇಳಿದರೆ ಕಬ್ಬಿಣದ ಯಂತ್ರ ಕಣ್ಣಿಗೆ ಕಟ್ಟುತ್ತದೆ. ನಾಟಕದ ರೋಬೋಟರು ಕಬ್ಬಿಣದವರಲ್ಲ, ನೋಟಕ್ಕೆ ನಮ್ಮ ನಿಮ್ಮಂತೆಯೇ ಇದ್ದವರು. ಕಡೆಗೆ ಅವರು ಒಡೆಯರ ಮೇಲೆಯೇ ತಿರುಗಿಬಿದ್ದರು.

ಈ ಪದಗಳನ್ನು ಸ್ವತಃ ನೋಡಬಯಸುವವರು ಕಿಟಕಿ ಬಳಿಯ ಮೇಜಿನ ಮೇಲಿರುವ ನಿಘಂಟನ್ನು ಬಳಸಬಹುದು. ಗುರುತಿಗೆಂದು ಪುಟ ಮಡಿಸಬಾರದಾಗಿ ವಿನಂತಿ.