ನಿಂತ ವಿದ್ಯುತ್ ಕಾರು ನಿದ್ರಿಸದಿದ್ದರೆ: ಕಾರಣ ಶೋಧನೆಯ ಕ್ರಮ

ಸೂಪಾ ಎಂಬ ಹೆಸರಿಗೂ ವಿದ್ಯುತ್ತಿಗೂ ಹಳೆಯ ನಂಟು. ಕಾಳಿ ನದಿಯ ಜಲಾಶಯದಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು, ತಾಲೂಕಿನ ಆಡಳಿತ ಜೋಯಿಡಾಕ್ಕೆ ಸಾಗಿತು, ಗಣೇಶಗುಡಿಯ ಆಣೆಕಟ್ಟಿನ ಬುಡದಲ್ಲಿ 100 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ ತಲೆಯೆತ್ತಿತು. ಇಂದು ಇದೇ ಸೀಮೆಯ ರಸ್ತೆಗಳಲ್ಲಿ ವಿದ್ಯುತ್ ಕಾರುಗಳು ಓಡಾಡುತ್ತಿವೆ. ದಾಂಡೇಲಿ, ಜೋಯಿಡಾಗಳ ಹೋಂಸ್ಟೇಗಳಿಗೆ ಬರುವ ಪ್ರವಾಸಿಗರು ಇಂಥ ಕಾರುಗಳನ್ನು ಎರಡು ಮೂರು ದಿನ ನಿಲ್ಲಿಸಿ ಕಾಡು ಸುತ್ತುತ್ತಾರೆ. ಹಳಿಯಾಳ, ಮುಂಡಗೋಡಗಳ ವರ್ತಕರಿಗೂ ವ್ಯಾಪಾರದ ಓಡಾಟಕ್ಕೆ ಇವು ಒದಗುತ್ತವೆ. ಆದರೆ ಬೀಗ ಹಾಕಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಚಾರ್ಜ್ ಕಳೆದುಕೊಂಡಿರುವುದು, ಕೆಲವೊಮ್ಮೆ ಬಾಗಿಲೇ ತೆರೆಯದಿರುವುದು ಇದರ ಬಳಕೆದಾರರನ್ನು ಕಾಡುವ ತೊಂದರೆಗಳಲ್ಲೊಂದು. ಕಾರು ಸರಿಯಾಗಿ ನಿದ್ರಾಸ್ಥಿತಿಗೆ ಹೋಗದಿರುವುದು ಇದಕ್ಕೆ ಮುಖ್ಯ ಕಾರಣವಾಗಿರಬಹುದು.

ನಿದ್ರಾಸ್ಥಿತಿ ಎಂದರೇನು?

ವಿದ್ಯುತ್ ಕಾರಿನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳಿರುತ್ತವೆ. ಗಾಲಿಗಳನ್ನು ತಿರುಗಿಸುವುದು ಅಧಿಕ ವೋಲ್ಟೇಜಿನ ದೊಡ್ಡ ಬ್ಯಾಟರಿ. ಬಾಗಿಲಿನ ಬೀಗ, ದೀಪ, ಪರದೆ ಹಾಗೂ ಒಳಗಿನ ಗಣಕ ಘಟಕಗಳನ್ನು ನಡೆಸುವುದು 12 ವೋಲ್ಟಿನ ಸಣ್ಣ ಬ್ಯಾಟರಿ. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚುಗಳು ಕೆಲಸ ಮಾಡುವುದೂ ಸಣ್ಣ ಬ್ಯಾಟರಿಯ ಬಲದಿಂದಲೇ. ಆದುದರಿಂದ ದೊಡ್ಡ ಬ್ಯಾಟರಿ ತುಂಬಿದ್ದರೂ ಸಣ್ಣದು ಬರಿದಾದರೆ ಕಾರು ಅಲುಗದು.

ಕಾರನ್ನು ನಿಲ್ಲಿಸಿ ಬೀಗ ಹಾಕಿದೊಡನೆ ಈ ಘಟಕಗಳು ಏಕಕಾಲಕ್ಕೆ ಆರುವುದಿಲ್ಲ. ಅವು ಒಂದೇ ತಂತಿಜಾಲದ ಮೂಲಕ ಪರಸ್ಪರ ಸಂದೇಶ ಕಳಿಸುತ್ತಿದ್ದು, ಯಾವುದಕ್ಕೂ ಕೆಲಸವಿಲ್ಲವೆಂದು ಖಚಿತವಾದ ಮೇಲೆ ಒಟ್ಟಾಗಿ ಸುಮ್ಮನಾಗುತ್ತವೆ. ಇದಕ್ಕೆ ಮಾದರಿಗನುಸಾರ ಕೆಲವು ನಿಮಿಷಗಳಿಂದ ಅರ್ಧ ಗಂಟೆ ಅಥವಾ ಹೆಚ್ಚಿನ ಅವಧಿ ಬೇಕಾಗುತ್ತದೆ. ಒಂದು ಘಟಕ ಮಾತು ಮುಂದುವರಿಸಿದರೂ ಉಳಿದವು ಎಚ್ಚರವಾಗಿಯೇ ಇರಬೇಕಾಗುತ್ತದೆ. ಸಮಸ್ಯೆಯ ಮೂಲ ಇಲ್ಲಿದೆ.

ನಷ್ಟದ ಲೆಕ್ಕ

ನಿದ್ರಿಸುವ ಕಾರು ಸಣ್ಣ ಬ್ಯಾಟರಿಯಿಂದ ಎಳೆಯುವ ವಿದ್ಯುತ್ ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್. 50 ಮಿಲಿ ಆಂಪಿಯರ್ ಎಂದು ಹಿಡಿದರೂ ದಿನಕ್ಕೆ 1.2 ಆಂಪಿಯರ್-ಗಂಟೆಯಷ್ಟೇ ಖರ್ಚು. 35 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧಕ್ಕಿಳಿಯಲು 14 ದಿನ ಬೇಕು. ಅದೇ ಕಾರು ಎಚ್ಚರವಾಗಿದ್ದು 3 ಆಂಪಿಯರ್ ಎಳೆದರೆ 6 ಗಂಟೆಯೊಳಗೆ ಅರ್ಧ ಬ್ಯಾಟರಿ ಖಾಲಿ.

ಅನೇಕ ಕಾರುಗಳು ಸಣ್ಣ ಬ್ಯಾಟರಿ ಇಳಿದಾಗ ದೊಡ್ಡದರಿಂದ ವಿದ್ಯುತ್ ಪಡೆದು ಅದನ್ನು ತುಂಬಿಸಿಕೊಳ್ಳುತ್ತವೆ. ಆಗ ಕಾರು ಕೈಕೊಡುವುದಿಲ್ಲವಾದರೂ ನಷ್ಟ ದೊಡ್ಡ ಬ್ಯಾಟರಿಯ ಲೆಕ್ಕಕ್ಕೆ ಹೋಗುತ್ತದೆ. ಕಾವಲು ಕ್ಯಾಮೆರಾ ಚಾಲನೆಯಲ್ಲಿರುವ ಕಾರು 250 ವ್ಯಾಟ್ ಬಳಸಿದರೆ ದಿನಕ್ಕೆ 6 ಯೂನಿಟ್ ಕರಗುತ್ತದೆ. ಉದಾಹರಣೆಗೆ, 30 ಯೂನಿಟ್ ಸಾಮರ್ಥ್ಯದ ಕಾರು ದಾಂಡೇಲಿಗೆ ಬಂದಾಗ ಶೇ. 60ರಷ್ಟು, ಅಂದರೆ 18 ಯೂನಿಟ್ ಚಾರ್ಜ್ ಹೊಂದಿರಲಿ. ಯೂನಿಟ್ಟಿಗೆ 6 ಕಿ.ಮೀ. ಎಂದರೆ 108 ಕಿ.ಮೀ. ಓಡಬಲ್ಲದು, ಸುಮಾರು 75 ಕಿ.ಮೀ. ದೂರದ ಹುಬ್ಬಳ್ಳಿಯನ್ನು ನಿರಾಯಾಸವಾಗಿ ತಲುಪುತ್ತದೆ. ಎರಡು ದಿನ ಎಚ್ಚರವಾಗಿ ನಿಂತರೆ ಉಳಿಯುವುದು 6 ಯೂನಿಟ್, 36 ಕಿ.ಮೀ. ಹಳಿಯಾಳ ದಾಟಿದ ಮೇಲೆ ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆಂಬುದು ಸರಿ. ತೂಬು ಸರಿಯಾಗಿ ಮುಚ್ಚದಿದ್ದರೆ ತುಂಬಿದ ಕೆರೆಯೂ ಹನಿ ಹನಿಯಾಗಿಯೇ ಬರಿದಾಗುತ್ತದೆ.

ಎಚ್ಚರವಾಗಿದೆ ಎಂದು ತಿಳಿಯುವ ಬಗೆ

ಬೀಗ ಹಾಕಿ ಒಂದು ಗಂಟೆ ಕಳೆದ ಮೇಲೂ ಪರದೆ ಅಥವಾ ಸೂಚಕ ದೀಪ ಬೆಳಗುತ್ತಿದ್ದರೆ, ಫ್ಯಾನ್ ಅಥವಾ ಪಂಪಿನ ಸದ್ದಿದ್ದರೆ, ಒಳಗಿನಿಂದ ಆಗಾಗ ಟಕ್ ಎಂಬ ಶಬ್ದ ಕೇಳಿದರೆ ಅನುಮಾನಕ್ಕೆ ಆಸ್ಪದವಿದೆ. ಇನ್ನೂ ಖಚಿತವಾದ ಸಾಕ್ಷಿ 12 ವೋಲ್ಟಿನ ಬ್ಯಾಟರಿಯಲ್ಲಿ ಸಿಗುತ್ತದೆ. ಸೀಸ-ಆಮ್ಲದ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.6 ವೋಲ್ಟ್ ತೋರಿದರೆ ತುಂಬಿದೆಯೆಂದೂ, 12.2 ತೋರಿದರೆ ಸುಮಾರು ಅರ್ಧವಿದೆಯೆಂದೂ ಅರ್ಥ. ನಿಲ್ಲಿಸಿ ಬಹಳ ಹೊತ್ತಾದರೂ 13.5 ವೋಲ್ಟಿಗಿಂತ ಹೆಚ್ಚು ತೋರುತ್ತಿದ್ದರೆ ದೊಡ್ಡ ಬ್ಯಾಟರಿಯಿಂದ ಸಣ್ಣದಕ್ಕೆ ವಿದ್ಯುತ್ ಹರಿಯುತ್ತಿದೆ, ಕಾರು ಎಚ್ಚರವಾಗಿದೆ. ಕೆಲವು ಕಾರುಗಳಲ್ಲಿ ಸಣ್ಣ ಬ್ಯಾಟರಿಯೂ ಲಿಥಿಯಂನದಾಗಿದ್ದು, ಅವುಗಳಿಗೆ ಈ ಅಂಕಿಗಳು ಅನ್ವಯಿಸವು.

ಬಾನೆಟ್ ತೆರೆದರೆ ನಿದ್ರಿಸುತ್ತಿದ್ದ ಕಾರೂ ಎಚ್ಚರಗೊಳ್ಳುವುದರಿಂದ, ಮಾಪಕದ ತಂತಿಗಳನ್ನು ಮೊದಲೇ ಜೋಡಿಸಿ ಹೊರಗೆ ತಂದು, ಬಾನೆಟ್ ಮುಚ್ಚಿ ಕಾಯಬೇಕು. ಮೊಬೈಲ್ ಆ್ಯಪಿನಲ್ಲಿ ಪದೇ ಪದೇ ಇಣುಕುವುದೂ ಇದೇ ತಪ್ಪು. ಅನೇಕ ಮಾದರಿಗಳಲ್ಲಿ, ನಿದ್ರಿಸುತ್ತಿದೆಯೇ ಎಂದು ಆ್ಯಪಿನಿಂದ ಕೇಳುವುದೆಂದರೆ ಕಾರನ್ನು ತಟ್ಟಿ ಎಬ್ಬಿಸಿದಂತೆಯೇ.

ಸಾಮಾನ್ಯ ಕಾರಣಗಳು

1. ಕೀಲಿಯ ಸಾಮೀಪ್ಯ. ಹತ್ತಿರ ಬಂದೊಡನೆ ಗುರುತಿಸುವ ಕೀಲಿಯನ್ನು ಅಂಗಡಿಯ ಗಲ್ಲೆಯಲ್ಲೋ ಮನೆಯ ಮೊಳೆಯಲ್ಲೋ ಕಾರಿಗೆ ಸಮೀಪವಾಗಿ ಇಟ್ಟರೆ ಕೆಲವು ಕಾರುಗಳು ಮತ್ತೆ ಮತ್ತೆ ಎಚ್ಚರಗೊಳ್ಳುತ್ತವೆ.

2. ಹೊರಗಿನಿಂದ ಜೋಡಿಸಿದ ಉಪಕರಣಗಳು. ಡ್ಯಾಶ್ ಕ್ಯಾಮೆರಾ, ವಾಹನದ ಜಾಡು ತೋರುವ ಜಿಪಿಎಸ್, ಸ್ಪೀಕರ್, ತಪಾಸಣಾ ಸಾಕೆಟ್ಟಿಗೆ ಸಿಕ್ಕಿಸಿದ ಸಾಧನ ಮುಂತಾದವು ಸದಾ ವಿದ್ಯುತ್ ಹರಿಯುವ ತಂತಿಗೆ ಜೋಡಣೆಯಾಗಿದ್ದರೆ ಕಾರು ನಿದ್ರಿಸಿದರೂ ಅವು ನಿದ್ರಿಸವು.

3. ಮಾಲೀಕರೇ ಚಾಲೂ ಮಾಡಿಟ್ಟ ಸೌಲಭ್ಯಗಳು. ಕಾವಲು ಕ್ಯಾಮೆರಾ, ಒಳಾಂಗಣದ ಶಾಖ ನಿಯಂತ್ರಣ, ನಿಗದಿತ ವೇಳೆಯ ಚಾರ್ಜಿಂಗ್, ಪ್ರಯಾಣಕ್ಕೆ ಮುನ್ನ ಎ.ಸಿ. ಓಡಿಸುವ ವ್ಯವಸ್ಥೆ ಇತ್ಯಾದಿ.

4. ಮೊಬೈಲ್ ಸಂಕೇತದ ದೌರ್ಬಲ್ಯ. ಕಾರಿನಲ್ಲಿರುವ ಸಿಮ್ ಘಟಕವು ಸಂಕೇತ ಸಿಗದ ಕಡೆ ಟವರ್ ಹುಡುಕುತ್ತಲೇ ಇರಬಹುದು. ಕಾಡಿನ ನಡುವಿನ ತಂಗುದಾಣಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

5. ಬಾಗಿಲು, ಬಾನೆಟ್, ಡಿಕ್ಕಿಗಳ ಸ್ವಿಚ್ಚುಗಳು. ಮಳೆಗಾಲದ ತೇವ, ಕೆಸರಿನಿಂದ ಸ್ವಿಚ್ ಕೆಟ್ಟರೆ ಮುಚ್ಚಿದ ಬಾಗಿಲೂ ತೆರೆದಿದೆಯೆಂದೇ ಕಾರು ಭಾವಿಸುತ್ತದೆ.

6. ದುರ್ಬಲಗೊಂಡ ಸಣ್ಣ ಬ್ಯಾಟರಿ. ಹಳೆಯದಾದ ಬ್ಯಾಟರಿ ಬೇಗನೆ ಇಳಿಯುವುದರಿಂದ ಅದನ್ನು ತುಂಬಿಸಲೆಂದೇ ಕಾರು ಪದೇ ಪದೇ ಏಳುತ್ತದೆ. ಇಲ್ಲಿ ಬ್ಯಾಟರಿ ರೋಗದ ಫಲವೂ ಹೌದು, ಮೂಲವೂ ಹೌದು.

ಶೋಧನೆಯ ಕ್ರಮ

ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ದೋಷ ನಿವಾರಣೆಯಾದರೂ ಕಾರಣ ತಿಳಿಯದು. ಒಂದು ರಾತ್ರಿಗೆ ಒಂದೇ ಬದಲಾವಣೆ ಎಂಬುದು ಇಲ್ಲಿಯ ಮೂಲಸೂತ್ರ. ವರ್ತಕರಿಗೆ ರೋಜು ಪುಸ್ತಕ ಹೊಸದಲ್ಲ. ಅದೇ ರೀತಿ ದಿನಾಂಕ, ನಿಲ್ಲಿಸಿದ ವೇಳೆ, ರಾತ್ರಿಯ ಚಾರ್ಜ್, ಬೆಳಗಿನ ಚಾರ್ಜ್, ಮಾಡಿದ ಬದಲಾವಣೆ ಎಂಬ ಐದು ಕಲಮುಗಳಲ್ಲಿ ಬರೆದಿಡಬೇಕು.

ಮೊದಲ ರಾತ್ರಿ ಏನನ್ನೂ ಬದಲಿಸದೆ ನಷ್ಟವನ್ನಷ್ಟೇ ಅಳೆಯಬೇಕು. ಎರಡನೆಯ ರಾತ್ರಿ ಕೀಲಿಯನ್ನು ದೂರವಿಟ್ಟು, ಮೂರನೆಯ ರಾತ್ರಿ ಹೆಚ್ಚುವರಿ ಉಪಕರಣಗಳನ್ನು ಕಳಚಿ ನೋಡಬೇಕು. ನಾಲ್ಕನೆಯ ರಾತ್ರಿ ಕಾವಲು ಕ್ಯಾಮೆರಾ ಮುಂತಾದ ಸೌಲಭ್ಯಗಳನ್ನು ಆರಿಸಿ, ಆ್ಯಪನ್ನು ಮುಟ್ಟದೆ ಇರಬೇಕು. ಐದನೆಯ ರಾತ್ರಿ ಮೊಬೈಲ್ ಸಂಕೇತ ಚೆನ್ನಾಗಿರುವ ಜಾಗದಲ್ಲಿ ನಿಲ್ಲಿಸಬೇಕು. ಯಾವ ರಾತ್ರಿ ನಷ್ಟ ತಟ್ಟನೆ ತಗ್ಗುವುದೋ ಆ ರಾತ್ರಿಯ ಬದಲಾವಣೆಯಲ್ಲಿ ಕಾರಣ ಅಡಗಿದೆ. ಮರುದಿನ ಅದನ್ನು ಹಿಂದಿನಂತೆ ಮಾಡಿ, ನಷ್ಟ ಮರುಕಳಿಸಿದರೆ ಮಾತ್ರ ಖಚಿತವೆಂದು ತಿಳಿಯಬೇಕು.

ಇಷ್ಟರಿಂದ ಬಗೆಹರಿಯದಿದ್ದರೆ ನುರಿತ ಮೆಕ್ಯಾನಿಕರ ಸರದಿ. ಬಾನೆಟ್ಟಿನ ಲಾಕನ್ನು ಕೈಯಿಂದ ಮುಚ್ಚಿದ ಸ್ಥಿತಿಗೆ ತಂದು, ಒಂದು ಗಂಟೆ ಬಿಟ್ಟು, ಸಣ್ಣ ಬ್ಯಾಟರಿಯ ತಂತಿಗೆ ಸೂಕ್ಷ್ಮ ನೇರ ವಿದ್ಯುತ್ತನ್ನು ಅಳೆಯಬಲ್ಲ ಕ್ಲ್ಯಾಂಪ್ ಮೀಟರ್ ಹಾಕಬೇಕು. ಅಂಕಿ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವ ಹಳೆಯ ಪದ್ಧತಿ ಇಲ್ಲಿ ಸಲ್ಲದು. ಫ್ಯೂಸ್ ಕಿತ್ತು ಹಾಕಿದೊಡನೆ ನಿದ್ರಿಸುತ್ತಿದ್ದ ಘಟಕ ಎಚ್ಚರಗೊಂಡು ಲೆಕ್ಕ ತಪ್ಪುತ್ತದೆ. ಫ್ಯೂಸಿನ ಎರಡು ತುದಿಗಳ ನಡುವಿನ ಮಿಲಿವೋಲ್ಟ್ ವ್ಯತ್ಯಾಸ ಅಳೆದರೆ ಯಾವ ಕವಲಿನಲ್ಲಿ ವಿದ್ಯುತ್ ಹರಿಯುತ್ತಿದೆಯೆಂದು ಕೀಳದೆಯೇ ತಿಳಿಯುತ್ತದೆ. ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟೇಜಿನವು. ಅವುಗಳಲ್ಲಿ ಪ್ರಾಣಾಪಾಯವಿರುವುದರಿಂದ ತರಬೇತಿಯಿಲ್ಲದವರು ಸರ್ವಥಾ ಮುಟ್ಟಬಾರದು.

ತಯಾರಕರ ಹೊಣೆ

ಎಲ್ಲ ದೋಷವೂ ಬಳಕೆದಾರರದಲ್ಲ. ಚಾರ್ಜಿಂಗ್ ನಿಯಂತ್ರಣ ಘಟಕದ ದೋಷದಿಂದ 12 ವೋಲ್ಟಿನ ಬ್ಯಾಟರಿ ಬರಿದಾಗುವ ಸಾಧ್ಯತೆ ಕಂಡುಬಂದುದರಿಂದ 2024ರಲ್ಲಿ ಹುಂಡೈ ಸಂಸ್ಥೆಯು ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನು ತಪಾಸಣೆಗಾಗಿ ಹಿಂದಕ್ಕೆ ಕರೆಯಿತು. ತಂತ್ರಾಂಶದ ದೋಷವಾದರೆ ಅದರ ಪರಿಷ್ಕರಣೆಯೇ ಮದ್ದು. ಆದುದರಿಂದ ತಮ್ಮ ಮಾದರಿಗೆ ಇಂಥ ಕರೆ ಅಥವಾ ಹೊಸ ತಂತ್ರಾಂಶ ಬಂದಿದೆಯೇ ಎಂದು ಮಾರಾಟಗಾರರಲ್ಲಿ ವಿಚಾರಿಸಬೇಕು. ಐದು ರಾತ್ರಿಗಳ ಬರಹವನ್ನು ಕೈಯಲ್ಲಿ ಹಿಡಿದು ಸರ್ವಿಸ್ ಕೇಂದ್ರಕ್ಕೆ ಹೋದ ಗ್ರಾಹಕನಿಗೆ ‘ಎಲ್ಲ ಸರಿಯಿದೆ’ ಎಂಬ ಉತ್ತರ ಕೊಟ್ಟು ಕಳಿಸುವುದು ಸುಲಭವಲ್ಲ. ವಾರಂಟಿಯ ಬೇಡಿಕೆಗೂ ಆ ಬರಹ ಬಲ ನೀಡುತ್ತದೆ. ವಾರಂಟಿ ಅವಧಿಯಲ್ಲಿ ಹೊರಗಿನವರಿಂದ ವೈರಿಂಗ್ ಕತ್ತರಿಸಿ ಜೋಡಿಸಿದರೆ ಮಾತ್ರ ಈ ಬಲ ಕುಂದುತ್ತದೆ.

ಉದ್ಯಮಿಗಳು ಪಾಲಿಸಬಹುದಾದ ನಿಯಮಗಳು

ಸರ್ವಿಸ್ ಕೇಂದ್ರ ದೂರವಿರುವ ಪ್ರದೇಶದಲ್ಲಿ ಮುಂಜಾಗ್ರತೆಗೆ ಹೆಚ್ಚಿನ ಬೆಲೆಯಿದೆ. ಹೋಂಸ್ಟೇ ನಡೆಸುವವರು ವಿದ್ಯುತ್ ಕಾರಿನ ಅತಿಥಿ ಬಂದಾಗಲೇ ಚಾರ್ಜಿನ ಪ್ರಮಾಣ ಕೇಳಿಕೊಂಡು, ಕಾವಲು ಕ್ಯಾಮೆರಾ ಆರಿಸಲು ಸೂಚಿಸಿ, ಭೂಸಂಪರ್ಕವಿರುವ 15 ಆಂಪಿಯರ್ ಸಾಕೆಟ್ ಒದಗಿಸಿದರೆ ಹೊರಡುವ ದಿನದ ಗೋಳು ತಪ್ಪುತ್ತದೆ. ಸ್ವಂತ ಕಾರನ್ನು ವಾರಗಟ್ಟಲೆ ನಿಲ್ಲಿಸುವವರು ಮಾಲೀಕರ ಕೈಪಿಡಿಯ ಸೂಚನೆಯಂತೆ ಸಣ್ಣ ಬ್ಯಾಟರಿಯ ರಕ್ಷಣೆಗೆ ವ್ಯವಸ್ಥೆ ಮಾಡಬೇಕು. ಬಾಗಿಲಿನ ಯಾಂತ್ರಿಕ ಕೀಲಿ ಎಲ್ಲಿದೆ, ಸಣ್ಣ ಬ್ಯಾಟರಿಗೆ ಹೊರಗಿನಿಂದ ವಿದ್ಯುತ್ ಕೊಡುವ ಜಾಗ ಯಾವುದು ಎಂಬುದನ್ನು ಚಾಲಕರಿಗೆ ಮೊದಲೇ ತೋರಿಸಿಡುವುದು ಅವಶ್ಯ. ಕಾರು ಕೊಳ್ಳುವಾಗ ಒಂದು ಚಾರ್ಜಿಗೆ ಎಷ್ಟು ದೂರ ಓಡುವುದೆಂದು ಎಲ್ಲರೂ ಕೇಳುತ್ತಾರೆ. ನಿಂತಲ್ಲೇ ದಿನಕ್ಕೆ ಎಷ್ಟು ಕಳೆಯುವುದೆಂಬ ಪ್ರಶ್ನೆಯನ್ನೂ ಅದರ ಜೊತೆಗೆ ಕೇಳುವುದು ವ್ಯವಹಾರಸ್ಥರಿಗೆ ಒಳಿತು.