ತಿರುಗ್ತದ್ರಿ, ಹಾಡಂಗಿಲ್ರಿ

“ಸರ್ರ, ತಿರುಗ್ತದ್ರಿ, ಆದ್ರ ಹಾಡಂಗಿಲ್ರಿ.” ಹತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಕಾಕಾನ ಟ್ರಂಕಿನಲ್ಲಿ ಸಿಕ್ಕ ಸಿಡಿ ಪ್ಲೇಯರನ್ನು ನನ್ನ ಮೇಜಿನ ಮೇಲಿಟ್ಟ. ಮನೆಯಲ್ಲಿ ಅದನ್ನು ಗುಜರಿಗೆ ತೆಗೆದಿಟ್ಟಿದ್ದರಂತೆ. ಇಂಥದ್ದೇ ಒಂದನ್ನು ಮಸ್ಕಿಯ ಧೂಳು-ಬಿಸಿಲಿನಲ್ಲಿ ಹಲವು ವರ್ಷ ಬಾಳಿಸಿದವನು ನಾನು. ಅವನಿಗೆ ಹೇಳಿದ್ದನ್ನೇ, ಈ ಯಂತ್ರವನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೂ ಹೇಳುತ್ತೇನೆ.

ಮೊದಲು ತಟ್ಟೆ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಕೂಡಿ ರೂಪಿಸಿದ ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂತು. 1984ರಲ್ಲಿ ಸೋನಿಯ ಡಿ-50 ಬಂದ ಮೇಲೆ ಪ್ಲೇಯರನ್ನು ಚೀಲದಲ್ಲಿಟ್ಟುಕೊಂಡು ತಿರುಗುವುದು ಸಾಧ್ಯವಾಯಿತು. ತಟ್ಟೆಯ ಅಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್.

ಅದರಲ್ಲಿ ಹಾಡು ಹೇಗೆ ಕೂತಿದೆ? ಮಸ್ಕಿಯ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಅಶೋಕನ ಶಾಸನ ನಮ್ಮೂರ ಗುಡ್ಡದಲ್ಲೇ ಇದೆ. ಬಂಡೆಯ ಮೈ ಸಪಾಟು, ಬ್ರಾಹ್ಮಿ ಅಕ್ಷರ ತಗ್ಗು. ಬೆಳಕು ಎರಡರ ಮೇಲೂ ಒಂದೇ ತರಹ ಬೀಳುವುದಿಲ್ಲ, ಆದ್ದರಿಂದ ಅಕ್ಷರ ಕಾಣುತ್ತದೆ. ಸಿಡಿಯಲ್ಲೂ ತಗ್ಗು ಮತ್ತು ಸಪಾಟು ಎರಡೇ. ಕಣ್ಣಿಗೆ ಕಾಣದ ಲೇಸರ್ ಬೆಳಕು ಕೆಳಗಿನಿಂದ ಬಡಿದು ಮರಳುವಾಗ ಯಂತ್ರ ಆ ವ್ಯತ್ಯಾಸವನ್ನು ಓದಿಕೊಳ್ಳುತ್ತದೆ. ಈ ತಗ್ಗುಗಳ ಸಾಲು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಬಿಡಿಸಿ ಹಾಸಿದರೆ 5 ಕಿಲೋಮೀಟರಿಗೂ ಹೆಚ್ಚು ಉದ್ದ.

ಈ ಸಾಲು ತಟ್ಟೆಯ ಕೆಳಮೈಗೆ ಹತ್ತಿರವಿಲ್ಲ. ಹೆಸರು ಅಚ್ಚಾದ ಮೇಲ್ಮೈಯ ತೆಳು ಪದರದ ಅಡಿಯಲ್ಲೇ ಇದೆ. ಹೊಳೆಯುವ ಕೆಳಮೈಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ನಿಜವಾಗಿ ಮೇಲ್ಮೈಗೆ ಬಿದ್ದ ಆಳದ ಗೀರೇ ಹೆಚ್ಚು ಅಪಾಯ, ಅಲ್ಲಿ ಹೋದದ್ದು ಮರಳಿ ಬರುವುದಿಲ್ಲ. ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ, ಸೈಕಲ್ ಕಡ್ಡಿಗಳಿರುವ ದಿಕ್ಕಿನಲ್ಲಿ ಒರೆಸಿ. ಅಡ್ಡ ಗೀರು ಬಿದ್ದರೆ ಕಳೆದುಹೋದ ಚೂರನ್ನು ಯಂತ್ರ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುತ್ತಲೂ ಒರೆಸಿ ಗೀರಿದರೆ ಸಾಲಿನುದ್ದಕ್ಕೂ ಅಳಿಸಿಹೋಗಿ ಲೆಕ್ಕ ತಪ್ಪುತ್ತದೆ.

ಸಿಡಿಗಳಲ್ಲಿ ಸಾಮಾನ್ಯವಾಗಿ ಎರಡು ಜಾತಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು ಒಂದು, ನಾವು ಅಂಗಡಿಯಲ್ಲಿ ರೈಟ್ ಮಾಡಿಸುತ್ತಿದ್ದದ್ದು ಇನ್ನೊಂದು. ಎರಡನೆಯದರಲ್ಲಿ ತಗ್ಗಿನ ಬದಲು ಬಣ್ಣದ ಪದರ ಸುಟ್ಟ ಗುರುತುಗಳಿರುತ್ತವೆ. ಬಿಸಿಲಿಗೆ ಬಣ್ಣ ಮಾಸಿದರೆ ಹಾಡೂ ಮಾಸಿತು. ನನ್ನ ತತ್ವಪದಗಳ ಸಿಡಿಯೊಂದು ಕಿಟಕಿಕಟ್ಟೆಯ ಮೇಲೆ ಒಂದು ಬೇಸಿಗೆ ಕಳೆದು ಮೂಕವಾಯಿತು. ನಮ್ಮ ರಾಯಚೂರು ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ತಪ್ಪು ಬಿಸಿಲಿನದಲ್ಲ, ನನ್ನದು. ಡಬ್ಬಿಯಲ್ಲಿ ಹಾಕಿ, ಕತ್ತಲ ಕಪಾಟಿನಲ್ಲಿ ನಿಲ್ಲಿಸಿಡಿ.

ಮಾಮೂಲಿ ಸಿಡಿಯಲ್ಲಿ 74 ನಿಮಿಷದ ಹಾಡು ಹಿಡಿಯುತ್ತದೆ. ಎಂಪಿ3 ಮಾಡಿದರೆ 700 ಎಂಬಿಯ ತಟ್ಟೆಯಲ್ಲಿ ನೂರೈವತ್ತು ಹಾಡು ಆರಾಮಾಗಿ ಕೂಡುತ್ತವೆ. ಆದರೆ ಪ್ಲೇಯರಿನ ಮೇಲೆ ಎಂಪಿ3 ಎಂದು ಬರೆದಿದೆಯೇ ನೋಡಿಕೊಳ್ಳಿ. ಬರೆದಿಲ್ಲದ ಯಂತ್ರಕ್ಕೆ ಅಂಥ ತಟ್ಟೆ ಕೊಟ್ಟು ಬೈದರೆ ಫಲವಿಲ್ಲ.

ಇನ್ನು ಬಸ್ಸಿನ ಪ್ರಯಾಣ. ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವಾಗ ತೊಡೆಯ ಮೇಲಿದ್ದ ಪ್ಲೇಯರ್ ತಗ್ಗಿಗೊಮ್ಮೆ ಹಾಡು ನುಂಗುತ್ತಿತ್ತು. ಕುಲುಕಿದಾಗ ಲೇಸರಿನ ಲೆನ್ಸು ಸಾಲು ತಪ್ಪುತ್ತದೆ, ಅಷ್ಟೆ. ಇದಕ್ಕೇ ಯಂತ್ರ ಕೆಲವು ಸೆಕೆಂಡಿನ ಹಾಡನ್ನು ಮುಂಚಿತವಾಗಿ ಓದಿ ನೆನಪಿನಲ್ಲಿಟ್ಟುಕೊಳ್ಳುವ ಏರ್ಪಾಡು ಬಂತು. ಕುಲುಕು ಮುಗಿಯುವವರೆಗೆ ಆ ಬುತ್ತಿಯಲ್ಲಿ ಹಾಡು ನಡೆಯುತ್ತದೆ. ಒಂದೇ ಸಮನೆ ಕುಲುಕಿದರೆ ಬುತ್ತಿ ಖಾಲಿ.

ಸೆಲ್ಲಿನ ವಿಷಯ ಚಿಕ್ಕದು, ಆದರೆ ಎಷ್ಟೋ ಪ್ಲೇಯರುಗಳನ್ನು ಕೆಡಿಸುವುದು ಅದೇ. ವಾರಗಟ್ಟಲೆ ಬಳಸದಿದ್ದರೆ ಸೆಲ್ಲು ತೆಗೆದಿಡಿ. ಬೇಸಿಗೆ ರಜೆಯಲ್ಲಿ ನಾನು ಮರೆತ ಎರಡು ಸೆಲ್ಲು ಸೋರಿ, ಒಳಗಿನ ಪತ್ತಿಗಳು ಕಿಲುಬು ಹಿಡಿದವು. ಒಂದು ಹೊಸದು ಒಂದು ಹಳೆಯದು ಎಂದು ಜೋಡಿ ಮಾಡಲೂಬೇಡಿ.

ಈಗ ಆ ಹುಡುಗನ ಯಂತ್ರಕ್ಕೆ ಬರೋಣ. ತಟ್ಟೆ ಒಂದಿಷ್ಟು ತಿರುಗಿ, ನಿಂತು, ‘ನೋ ಡಿಸ್ಕ್’ ಎಂದು ತೋರಿಸುತ್ತಿತ್ತು. ಅಂದರೆ ಮೋಟರು ಸರಿ ಇದೆ, ಕಣ್ಣು ಮಂಜಾಗಿದೆ. ರಾಶಿಯ ಕಾಲದಲ್ಲಿ ನಮ್ಮೂರ ಗಾಳಿಯಲ್ಲಿ ತೇಲುವ ಧೂಳು ಮುಚ್ಚಳದ ಸಂದಿಯಲ್ಲಿ ನುಸುಳಿ ಲೆನ್ಸಿನ ಮೇಲೆ ಕೂರುತ್ತದೆ. ಮೊದಲು ಸೆಲ್ಲು ತೆಗೆಸಿದೆ. ಲೇಸರ್ ಉರಿಯುತ್ತಿರುವಾಗ ಲೆನ್ಸಿನೊಳಗೆ ಇಣುಕಬಾರದು, ಬೆಳಕು ಕಾಣದಿದ್ದರೂ ಕಣ್ಣಿಗೆ ಪೆಟ್ಟು. ರಬ್ಬರ್ ಬ್ಲೋವರಿನಿಂದ ಗಾಳಿ ಬಿಟ್ಟೆವು. ಬಾಯಿಂದ ಊದಬೇಡಿ, ಎಂಜಲ ಹನಿ ಬೀಳುತ್ತದೆ. ಆಮೇಲೆ ಹತ್ತಿಯ ಕಡ್ಡಿಗೆ ಒಂದೇ ತೊಟ್ಟು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಸವರಿದ. “ತಮ್ಮಾ, ಒತ್ತಬ್ಯಾಡ, ಅದು ತಂತಿ ಮ್ಯಾಲೆ ತೂಗಾಡತೈತಿ” ಎಂದು ನಾನು ಪಕ್ಕದಲ್ಲೇ ಕೂತಿದ್ದೆ. ಒಣಗಿದ ಮೇಲೆ ತಟ್ಟೆಯ ನಡುವನ್ನು ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿದ.

ಅಚ್ಚೊತ್ತಿದ ಸಿಡಿ ಹಾಡಿತು. ರೈಟ್ ಮಾಡಿಸಿದ್ದು ಹಾಡಲಿಲ್ಲ. ಲೇಸರಿಗೆ ವಯಸ್ಸಾಗಿದೆ, ಕಡಿಮೆ ಬೆಳಕು ಮರಳಿಸುವ ತಟ್ಟೆಯನ್ನು ಓದುವ ಶಕ್ತಿ ಅದಕ್ಕೆ ಉಳಿದಿಲ್ಲ. ಆ ಶಕ್ತಿಯನ್ನು ಹತ್ತಿಯ ಕಡ್ಡಿ ಮರಳಿ ಕೊಡಲಾರದು. ಒಂದು ಸಿಡಿಯಾದರೂ ಹಾಡಿತಲ್ಲ, ಅಷ್ಟಕ್ಕೇ ಹುಡುಗ ಖುಷಿಯಾಗಿ ಮನೆಗೆ ಹೋದ. ನಿಮ್ಮ ಅಟ್ಟದ ಮೇಲೂ ಒಂದು ಪ್ಲೇಯರ್ ಇರಬಹುದು. ಗುಜರಿಯವನ ತಕ್ಕಡಿಗೆ ಇಡುವ ಮುಂಚೆ ಅದರ ಕಣ್ಣು ಒಮ್ಮೆ ಒರೆಸಿ ನೋಡಿ.