ಮನೆಯಲ್ಲೇ ಮಾಡಿದ ಹೊಲಿಗೆ ಬೊಂಬೆಗೆ ಮೈಗೊಪ್ಪುವ ಹೊದಿಕೆ

ಹೊಲದಲ್ಲಿ ಬೆದರುಬೊಂಬೆ ಕಟ್ಟುವುದು ನಮ್ಮ ರೈತರಿಗೆ ಹೊಸ ಕೆಲಸವೇನಲ್ಲ. ಅದಕ್ಕೆ ಅಳತೆ ಬೇಕಿಲ್ಲ, ದೂರದಿಂದ ಮನುಷ್ಯನಂತೆ ಕಂಡರೆ ಸಾಕು. ಆದರೆ ಅದೇ ಹುಲ್ಲಿನಿಂದ ಹೊಲಿಗೆಯ ಕೆಲಸಕ್ಕೆಂದು ಮಾಡುವ ಬೊಂಬೆ ಒಂದು ಬೆರಳಿನಷ್ಟು ಹೆಚ್ಚುಕಡಿಮೆಯಾದರೂ ಪ್ರಯೋಜನಕ್ಕೆ ಬಾರದು.

ಇಂದು ಅನೇಕ ಹಳ್ಳಿಗಳಲ್ಲಿ ರೈತ ಮಹಿಳೆಯರು ಬಿಡುವಿನ ದಿನಗಳಲ್ಲಿ ಹೊಲಿಗೆಯಿಂದ ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಗಿರಾಕಿ ಕೊಟ್ಟ ಒಂದು ರೇಷ್ಮೆ ಕಣ ಕೆಟ್ಟರೆ ವಾರದ ದುಡಿಮೆ ಹೋಗುವುದಲ್ಲದೆ ಊರಿನ ನಂಬಿಕೆಯೂ ಹೋಗುತ್ತದೆ. ಬೊಂಬೆಯ ಮೇಲೆ ಬಟ್ಟೆಯನ್ನು ಹಾಕಿ ನೋಡಿ, ಆನಂತರ ಹೊಲಿದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಅಂಗಡಿಯ ಬೊಂಬೆ ದುಬಾರಿ. ಮನೆಯಲ್ಲಿ ಮಾಡಿದ ಬೊಂಬೆಗೆ ಸರಿಯಾದ ಬಟ್ಟೆಯ ಹೊದಿಕೆ ಹೊಲಿದುಕೊಂಡರೆ ಅದೂ ಅಷ್ಟೇ ಚೆನ್ನಾಗಿ ಕೆಲಸ ಕೊಡುತ್ತದೆ.

ಬೊಂಬೆಯ ಒಡಲು

ಹಳೆಯ ಬಿಗಿ ಬನಿಯನ್ ತೊಟ್ಟವರ ಮೈಮೇಲೆ ಅಂಟುಕಾಗದದ ಪಟ್ಟಿಗಳನ್ನು ಎರಡು ಮೂರು ಪದರವಾಗಿ ಅಂಟಿಸಿ, ಬೆನ್ನಿನ ನಡುವೆ ಕತ್ತರಿಸಿ ತೆಗೆದು, ಮತ್ತೆ ಕೂಡಿಸಿ, ಒಳಗೆ ಹುಲ್ಲು ತುಂಬಿ ಬಿದಿರಿನ ಗೂಟಕ್ಕೆ ನಿಲ್ಲಿಸುವುದು ಸಾಮಾನ್ಯ ಪದ್ಧತಿ. ಹುಲ್ಲಿನ ಬಗ್ಗೆ ಮಾತ್ರ ಒಂದು ಮಾತು. ನಾವು ಮೊದಲು ಮಾಡಿದ ಬೊಂಬೆಗೆ ಅರೆ ಒಣಗಿದ ಭತ್ತದ ಹುಲ್ಲನ್ನು ತುಂಬಿದ್ದೆವು. ಮಳೆಗಾಲ ಕಳೆಯುವಷ್ಟರಲ್ಲಿ ಅದು ಬೂಷ್ಟು ಹಿಡಿದು, ಹೊದಿಕೆಯ ಮೇಲೆಲ್ಲ ಕಪ್ಪು ಕಲೆ ಎದ್ದಿತು. ಆದ್ದರಿಂದ ಹುಲ್ಲನ್ನು ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹಾಕಬೇಕು. ಬಗ್ಗಿಸಿದರೆ ಚಟಕ್ಕನೆ ಮುರಿಯುವಂತಿರಬೇಕು. ತೆನೆಯಲ್ಲಿ ಉಳಿದ ಕಾಳನ್ನು ಬಡಿದು ಉದುರಿಸದಿದ್ದರೆ ಇಲಿಗಳಿಗೆ ಆಹ್ವಾನ ಕೊಟ್ಟಂತೆ. ಒಣಗಿದ ಬೇವಿನ ಸೊಪ್ಪನ್ನು ನಡುನಡುವೆ ಹಾಕಬಹುದು. ಕೀಟನಾಶಕದ ಪುಡಿಯನ್ನು ಯಾವ ಕಾರಣಕ್ಕೂ ಹಾಕಬಾರದು. ದಿನವೂ ಕೈ ತಾಗುವ, ಮಕ್ಕಳು ತಬ್ಬುವ ವಸ್ತು ಇದು.

ಹೊದಿಕೆಯ ಅಳತೆ ಯಾರದು?

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಬೊಂಬೆಯ ಅಳತೆಗೆ ಹೊದಿಕೆ ಹೊಲಿದರೆ ಬೊಂಬೆಯ ತಪ್ಪುಗಳೆಲ್ಲ ಹೊದಿಕೆಗೂ ಬರುತ್ತವೆ. ಕಾಗದ ಸುತ್ತುವಾಗ ಮೈ ಒತ್ತಿಕೊಂಡಿರುತ್ತದೆ. ಹುಲ್ಲು ತುಂಬುವಾಗ ಎಲ್ಲೋ ಒಂದು ಕಡೆ ಉಬ್ಬುತ್ತದೆ. ಆದ್ದರಿಂದ ಹೊದಿಕೆಯನ್ನು ವ್ಯಕ್ತಿಯ ಅಳತೆಗೆ ಹೊಲಿಯಬೇಕು; ಬೊಂಬೆ ಅದಕ್ಕಿಂತ ಸುತ್ತಳತೆಯಲ್ಲಿ 2ರಿಂದ 3 ಸೆಂ.ಮೀ. ಸಣ್ಣದಿರಬೇಕು. ಕಡಿಮೆಯಾದ ಕಡೆ ಹತ್ತಿ ತುಂಬಿ ಸರಿಪಡಿಸಬಹುದು. ಬೊಂಬೆಯೇ ದೊಡ್ಡದಾಗಿದ್ದರೆ ಹೊದಿಕೆ ಏನೂ ಮಾಡಲಾರದು. ಆಗ ಸ್ವಲ್ಪ ಹುಲ್ಲು ತೆಗೆದು, ಕಾಗದವನ್ನು ಉದ್ದಕ್ಕೆ ಸೀಳಿ, ಅಂಚಿನ ಮೇಲೆ ಅಂಚು ಕೂರಿಸಿ ಮತ್ತೆ ಅಂಟಿಸಬೇಕು.

ಸೊಂಟಕ್ಕೆ ಒಂದು ದಾರ ಕಟ್ಟಿಕೊಂಡು ಈ ಅಳತೆಗಳನ್ನು ಬರೆದಿಡಿ: ಕುತ್ತಿಗೆ, ಎದೆ, ಸೊಂಟ ಮತ್ತು ಸೀಟಿನ ಸುತ್ತಳತೆ; ಭುಜದ ಉದ್ದ; ಹಿಂಗುತ್ತಿಗೆಯಿಂದ ಸೊಂಟದ ದಾರದವರೆಗೆ; ಕುತ್ತಿಗೆಯ ಪಕ್ಕದಿಂದ ಎದೆಯ ಮೇಲೆ ಹಾದು ಸೊಂಟದವರೆಗೆ; ಬೆನ್ನಿನ ಅಗಲ.

ಬೇಕಾಗುವ ಸಾಮಗ್ರಿಗಳು

90 ಸೆಂ.ಮೀ. ಪನ್ನದ ಕೋರಾ ಹತ್ತಿ ಬಟ್ಟೆ 2 ಮೀಟರ್, ಮಾದರಿ ತುಂಡುಗಳಿಗೆ ಹಳೆಯ ಹಾಸಿಗೆ ಹೊದಿಕೆ, ಗುಂಡುಸೂಜಿ, ಅಳತೆ ಟೇಪು, ಸೀಮೆಸುಣ್ಣ, ಬಣ್ಣದ ದಾರ, ಹಿಂಜಿದ ಹತ್ತಿ. ಹಿಗ್ಗುವ ಬನಿಯನ್ ಬಟ್ಟೆ ಬೇಡ, ಅದು ಒಳಗಿನ ಉಬ್ಬುತಗ್ಗುಗಳನ್ನೇ ತೋರಿಸುತ್ತದೆ. ಕೋರಾ ಬಟ್ಟೆಯನ್ನು ರಾತ್ರಿಯೆಲ್ಲ ನೆನೆಸಿ, ಒಗೆದು, ನೆರಳಿನಲ್ಲಿ ಒಣಗಿಸಿ ಇಸ್ತ್ರಿ ಮಾಡಬೇಕು. ಗಂಜಿ ಹೋಗದಿದ್ದರೆ ಜಿರಲೆಗೆ ಆಹಾರವಾಗುತ್ತದೆ. ಮೊದಲೇ ಕುಗ್ಗಿಸದ ಬಟ್ಟೆ ಒದ್ದೆ ಇಸ್ತ್ರಿ ತಾಗಿದಾಗ ಕುಗ್ಗಿ ಅಳತೆಯನ್ನೇ ಬದಲಿಸುತ್ತದೆ.

ಮಾದರಿ ತೆಗೆಯುವ ವಿಧಾನ

1. ಬೊಂಬೆಯ ಮೇಲೆ ಕಪ್ಪು ದಾರವನ್ನು ಸೂಜಿ ಚುಚ್ಚಿ ನಿಲ್ಲಿಸಿ ಗೆರೆಗಳನ್ನು ಗುರುತಿಸಿ. ಮುಂದಿನ ನಡುಗೆರೆ, ಹಿಂದಿನ ನಡುಗೆರೆ, ಎರಡು ಪಕ್ಕ, ಎದೆ, ಸೊಂಟ, ಸೀಟು ಬೇಕು. ಭುಜದ ಮಧ್ಯದಿಂದ ಹೊರಟು, ಎದೆಯ ಎತ್ತರದ ಮೇಲೆ ಹಾದು ಕೆಳಗಿಳಿಯುವ ಒಂದು ಗೆರೆ, ಬೆನ್ನಿಗೂ ಅಂಥದೇ ಒಂದು ಗೆರೆ ಇರಲಿ. ಹೀಗೆ ಬಲ ಅರ್ಧದಲ್ಲಿ ನಾಲ್ಕು ಭಾಗಗಳಾಗುತ್ತವೆ.

2. ಪ್ರತಿ ಭಾಗಕ್ಕೂ ಎಲ್ಲ ಕಡೆ 5 ಸೆಂ.ಮೀ. ಹೆಚ್ಚಿರುವ ಆಯತ ತುಂಡನ್ನು ಕತ್ತರಿಸಿ. ಹಾಸಿನ ಎಳೆ ನೆಟ್ಟಗೆ ಲಂಬವಾಗಿಯೂ ಹೊಕ್ಕಿನ ಎಳೆ ಎದೆಯ ಮಟ್ಟದಲ್ಲಿ ಅಡ್ಡವಾಗಿಯೂ ಇರಬೇಕು. ಎಳೆ ಓರೆಯಾದರೆ ಬಟ್ಟೆ ಹಿಗ್ಗಿ ಹೊದಿಕೆ ತಿರುಚಿಕೊಳ್ಳುತ್ತದೆ. ಮಧ್ಯದಿಂದ ಹೊರಕ್ಕೆ ಸೂಜಿ ಚುಚ್ಚುತ್ತ ಬನ್ನಿ. ಸೊಂಟದ ಹತ್ತಿರ ಎಳೆತ ಕಂಡರೆ ಅಂಚನ್ನು ಸ್ವಲ್ಪ ಕತ್ತರಿಸಿ ಸಡಿಲಿಸಿ. ದಾರದ ಗುಂಟ ಸೀಮೆಸುಣ್ಣದ ಗುರುತು ಮಾಡಿ ತೆಗೆಯಿರಿ.

3. ಈಗ ಲೆಕ್ಕ. ವ್ಯಕ್ತಿಯ ಎದೆಯ ಸುತ್ತಳತೆ 90, ಬೊಂಬೆಯದು 87 ಸೆಂ.ಮೀ. ಇದೆ ಎನ್ನೋಣ. ವ್ಯತ್ಯಾಸ 3, ಅರ್ಧ ಮೈಗೆ 1.5 ಸೆಂ.ಮೀ. ನಾಲ್ಕು ತುಂಡುಗಳಿಗೆ ಎಂಟು ಅಂಚು. ಮುಂದಿನ ಮತ್ತು ಹಿಂದಿನ ನಡು ಅಂಚುಗಳನ್ನು ಮುಟ್ಟಬಾರದು. ಉಳಿದ 6 ಅಂಚುಗಳಿಗೆ ತಲಾ 2.5 ಮಿ.ಮೀ. ಹೆಚ್ಚಿಸಿದರೆ ಸರಿಹೋಯಿತು. ಬೊಂಬೆಯಲ್ಲಿ ಎದೆ ಮಾತ್ರ ಚಪ್ಪಟೆಯಾಗಿದ್ದರೆ ಹೆಚ್ಚಳವನ್ನು ಮುಂಭಾಗದ ಅಂಚುಗಳಿಗಷ್ಟೇ ಕೊಡಿ. ಸೊಂಟ, ಸೀಟುಗಳಿಗೂ ಇದೇ ಲೆಕ್ಕ.

ಹೊಲಿಯುವುದು

ಮಾದರಿ ತುಂಡುಗಳನ್ನು ಎರಡು ಮಡಿಕೆಯ ಕೋರಾ ಬಟ್ಟೆಯ ಮೇಲೆ ಎಳೆ ನೋಡಿ ಇಟ್ಟು, ಹೊಲಿಗೆಗೆ 2.5 ಸೆಂ.ಮೀ. ಬಿಟ್ಟು ಕತ್ತರಿಸಿ. ಮೊದಲು ಎಲ್ಲವನ್ನೂ ಕಚ್ಚಾ ಹೊಲಿಗೆ ಹಾಕಬೇಕು. ಬೆನ್ನಿನ ನಡುವೆ ಮಾತ್ರ ತೆರೆದಿರಲಿ.

ಈ ಹಂತದಲ್ಲಿ ಹೊದಿಕೆಯನ್ನು ಬೊಂಬೆಗೆ ಹಾಕಲು ಅವಸರಪಡಬಾರದು. ಅಳತೆ ಕೊಟ್ಟವರಿಗೇ ಅದನ್ನು ಒಳಮೈ ಹೊರಗಾಗಿ ತೊಡಿಸಿ, ಬೆನ್ನಿಗೆ ಸೂಜಿ ಚುಚ್ಚಿ ನೋಡಬೇಕು. ಸಡಿಲವಾದ ಕಡೆ ಹಿಡಿದು ಸೂಜಿ ಹಾಕಿ. ಬಿಗಿಯಾದ ಕಡೆ ಕಚ್ಚಾ ಹೊಲಿಗೆ ಬಿಡಿಸಿ. ಅರ್ಧ ಗಂಟೆಯ ಈ ಕೆಲಸವನ್ನು ಬಿಟ್ಟವರು ಮುಂದೆ ಪ್ರತಿಯೊಂದು ರವಿಕೆಯಲ್ಲೂ ಅದೇ ತಪ್ಪನ್ನು ಹೊಲಿಯುತ್ತಾರೆ.

ಅನಂತರ ಅಂಗುಲಕ್ಕೆ 10ರಿಂದ 12 ಹೊಲಿಗೆ ಬರುವಂತೆ ಯಂತ್ರದಲ್ಲಿ ಹೊಲಿಯಿರಿ. ಸೊಂಟದ ಬಾಗಿನಲ್ಲಿ ಅಂಚನ್ನು 2 ಸೆಂ.ಮೀ.ಗೊಂದರಂತೆ ಕತ್ತರಿಸಿ, ಹೊಲಿಗೆಗೆ 3 ಮಿ.ಮೀ. ಮೊದಲೇ ಕತ್ತರಿ ನಿಲ್ಲಲಿ. ಅಂಚುಗಳನ್ನು ಅಗಲಿಸಿ ಇಸ್ತ್ರಿ ಮಾಡಿ. ತೋಳಿನ ತೂತಿಗೆ ರಟ್ಟಿನ ಮೇಲೆ ಬಟ್ಟೆ ಎಳೆದ ಮೊಟ್ಟೆಯಾಕಾರದ ಬಿಲ್ಲೆ, ಕೆಳ ಅಂಚಿಗೆ ಲಾಡಿ ಸಾಕು.

ತುಂಬುವುದು ಮತ್ತು ಗೆರೆ ಹಾಕುವುದು

ಹೊದಿಕೆಯನ್ನು ಬೊಂಬೆಗೆ ತೊಡಿಸಿ, ಸಡಿಲವಾದ ಕಡೆ ಹಿಂಜಿದ ಹತ್ತಿಯನ್ನು ತೆಳುವಾದ ಪದರಗಳಾಗಿ ಬೆನ್ನಿನ ಕಡೆಯಿಂದ ತೂರಿಸಿ. ಉಂಡೆಯಾಗಿ ತುರುಕಬಾರದು. ಪ್ರತಿ ಪದರಕ್ಕೂ ಟೇಪು ಹಿಡಿಯಿರಿ. ಬರೆದಿಟ್ಟ ಅಳತೆ ಬಂದೊಡನೆ ನಿಲ್ಲಿಸಿ. ಬೆನ್ನನ್ನು ಕೈಹೊಲಿಗೆಯಿಂದ ಮುಚ್ಚಿರಿ, ಅಂಟು ಹಾಕಬೇಡಿ. ಮುಂದೆ ಮೈಯ ಅಳತೆ ಬದಲಾದಾಗ ಬಿಚ್ಚಬೇಕಾಗುತ್ತದೆ. ಕೊನೆಗೆ ನಡುಗೆರೆ, ಎದೆ, ಸೊಂಟ, ಸೀಟಿನ ಗೆರೆಗಳನ್ನು ಬಣ್ಣದ ದಾರದಲ್ಲಿ ಹೊಲಿಯಿರಿ. ಅಡ್ಡಗೆರೆಗಳು ನೆಲದಿಂದ ಸುತ್ತಲೂ ಒಂದೇ ಎತ್ತರದಲ್ಲಿವೆಯೇ ಎಂದು ಕೋಲು ಹಿಡಿದು ಪರೀಕ್ಷಿಸಿ.

ಕೆಲವು ಸೂಚನೆಗಳು

ಹಲವರಿಗೆ ಹೊಲಿಯುವವರು ಬೊಂಬೆಯನ್ನು ತೆಳು ಮೈಯವರ ಅಳತೆಗೆ ಮಾಡಿಕೊಳ್ಳುವುದು ಲೇಸು. ಹತ್ತಿ, ಬಟ್ಟೆ ಸುತ್ತಿ ದಪ್ಪ ಮಾಡಬಹುದು, ತೆಳುವಾಗಿಸಲು ಬರುವುದಿಲ್ಲ.

ಸಿಂಪರಣೆಗೆ ತೊಡುವ ಉದ್ದ ತೋಳಿನ ಅಂಗಿಯನ್ನೂ ಇದರ ಮೇಲೆ ಹೊಲಿಯಬಹುದು. ಅದು ರವಿಕೆಯಂತೆ ಬಿಗಿಯಾಗಿರಬಾರದು, ಎದೆಯ ಸುತ್ತಳತೆಗಿಂತ ಕನಿಷ್ಠ 15 ಸೆಂ.ಮೀ. ಸಡಿಲವಿರಲಿ. ಕೈ ಎತ್ತಿ ಸಿಂಪಡಿಸುವಾಗ ಕಂಕುಳಲ್ಲಿ ಹರಿದರೆ ಔಷಧ ನೇರವಾಗಿ ಚರ್ಮಕ್ಕೆ ತಗಲುತ್ತದೆ. ಹತ್ತಿ ಅಂಗಿ ನೆನೆದರೆ ರಕ್ಷಣೆ ಇಲ್ಲ. ಮೇಲೆ ನೀರು ಹಿಡಿಯದ ಮುಂಗವಸು ಬೇಕು.

ಮಳೆಗಾಲದಲ್ಲಿ ಬೊಂಬೆಯನ್ನು ಗೋಡೆಯಿಂದ ದೂರ, ಮಣೆಯ ಮೇಲೆ ನಿಲ್ಲಿಸಿ, ಬಿಸಿಲು ಬಂದ ದಿನ ಹೊರಗಿಡಿ. ವರ್ಷಕ್ಕೊಮ್ಮೆ ವ್ಯಕ್ತಿಯ ಅಳತೆಯನ್ನು ಮತ್ತೆ ತೆಗೆದು ಹೋಲಿಸಿ ನೋಡಿ. ಹುಲ್ಲು, ಹಳೆಯ ಬಟ್ಟೆ, ಎರಡು ಮೀಟರ್ ಕೋರಾ ಮತ್ತು ಎರಡು ದಿನದ ತಾಳ್ಮೆ, ಇಷ್ಟೇ ಇದರ ಬಂಡವಾಳ. ವಿಸ್ತರಣಾ ಕಾರ್ಯಕರ್ತರು ಮಹಿಳಾ ಸಂಘಗಳಲ್ಲಿ ಒಂದು ಬೊಂಬೆಯನ್ನು ಎಲ್ಲರ ಕೈಯಿಂದ ಮಾಡಿಸಿ ತೋರಿಸಿದರೆ, ಉಳಿದವುಗಳನ್ನು ಅವರೇ ಮಾಡಿಕೊಳ್ಳುತ್ತಾರೆ.